ಊರು ಹೊತ್ತ ಮಗು

ನಮ್ಮೂರಿನಲ್ಲಿ ಬಸುರಿ ಹೆಂಗಸು ಅಂಗೈ ಚಾಚಿದರೆ ಯಾರೂ ಇಲ್ಲ ಅನ್ನುವ ಹಾಗಿಲ್ಲ. ಅವಸರದಲ್ಲಿರಲಿ, ಜಗಳದಲ್ಲಿರಲಿ, ನಿಂತು ತಮ್ಮ ಅಂಗೈಯನ್ನು ಅವಳ ಅಂಗೈಗೆ ತಾಗಿಸಿ ಅವಳ ಬಸಿರಿನ ಭಾರದಲ್ಲಿ ಒಂದಿಷ್ಟನ್ನು ತಮ್ಮ ಮೈಗೆ ಇಳಿಸಿಕೊಂಡೇ ಮುಂದಕ್ಕೆ ಹೋಗಬೇಕು. ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಇದನ್ನು ಕಂಡರೆ ನಗು ತಡೆಯುತ್ತಿರಲಿಲ್ಲ. ಹೈಸ್ಕೂಲಿನ ಹೆಡ್‌ಮಾಸ್ತರರು ಯಾರದೋ ಮನೆಯ ಕೂಸಿನ ಭಾರ ಹೊತ್ತು ಒಂದು ಪಕ್ಕಕ್ಕೆ ವಾಲಿಕೊಂಡು ಶಾಲೆಗೆ ಹೋಗುವುದು, ಅಂಚೆಯವನು ಸೈಕಲ್ಲಿನ ಟ್ಯೂಬು ಒಡೆದುಕೊಂಡು 'ನಿಮ್ಮ ಸೊಸೆಯಿಂದಲೇ ಕಣ್ರೀ ಇದು' ಎಂದು ಯಾರದೋ ಬಾಗಿಲಲ್ಲಿ ಜಗಳ ತೆಗೆಯುವುದು, ಎಲ್ಲ ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದೆ. ನನ್ನ ಸರದಿ ಬಂದಾಗ ನಗು ನಿಂತಿತು.

ನಮ್ಮದು ಮಂಡಕ್ಕಿ ಭಟ್ಟಿ. ನನ್ನ ಗಂಡ ಓಂಕಾರಪ್ಪ, ಮನೆಯವರಿಗೆ ಓಂಕಾರಿ, ಒಳಗೆ ಬೆಂಕಿಯ ಹತ್ತಿರ, ನಾನು ಹೊರಗೆ ಗಿರಾಕಿಗಳ ಹತ್ತಿರ. ಮಂಡಕ್ಕಿ ಅಳೆದು ಕೊಡುವುದು, ಚೌಕಾಸಿ ಮಾಡಿದವರನ್ನು ಬಯ್ಯುವುದು, ಎರಡೂ ನನ್ನದೇ ಕೆಲಸ. ಐದು ತುಂಬಿ ಆರಕ್ಕೆ ಬೀಳುವಷ್ಟರಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಸೊಂಟ ಬಿದ್ದುಹೋಗುತ್ತಿತ್ತು. ಇನ್ನೇನು ಮಾಡಲಿ, ಬಂದ ಗಿರಾಕಿಗೆಲ್ಲ ಮಂಡಕ್ಕಿಯ ಪೊಟ್ಟಣ ಕೊಟ್ಟು ಅಂಗೈಯನ್ನೂ ಚಾಚಿದೆ. 'ಮಂಡಕ್ಕಿ ಹಗುರ ಆಯ್ತಲ್ಲಣ್ಣ, ಇದನ್ನೂ ಒಂಚೂರು ಇಟ್ಕೊಂಡು ಹೋಗಿ' ಅಂದರೆ ನಗುತ್ತಲೇ ತಗೊಂಡು ಹೋಗುತ್ತಿದ್ದರು. ಬೇರೆ ಬಸುರಿಯರು ಅತ್ತೆಗೆ, ನಾದಿನಿಗೆ, ಪಕ್ಕದ ಮನೆಯವರಿಗೆ ಕೊಟ್ಟು ಸುಮ್ಮನಾದರೆ ನಾನು ಊರಿಗೇ ಹಂಚಿದೆ. ತಿಂಗಳು ತುಂಬುತ್ತ ಬಂದರೂ ಮದುವೆಯಾಗದ ಹುಡುಗಿಯ ಹಾಗೆ ಓಡಾಡಿಕೊಂಡಿದ್ದೆ. ಹೊಟ್ಟೆಯೇನೋ ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಆದರೆ ನೀರು ಜಾಸ್ತಿ ಇರಬೇಕು ಅಂದವರೇ ಹೆಚ್ಚು. ಒಬ್ಬೊಬ್ಬರ ಹತ್ತಿರ ಇದ್ದದ್ದು ಚೂರು ಚೂರು. ಒಳಗಿರುವ ಮಗು ಎಷ್ಟು ದೊಡ್ಡದು ಎಂಬುದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಎಲ್ಲರಿಗಿಂತ ಹೆಚ್ಚು ತಗೊಂಡವಳು ಹಾಲಮ್ಮ, ನನ್ನ ಗಂಡನ ಅಕ್ಕ. ನಾನು ಹಾಲಕ್ಕ ಅನ್ನುತ್ತೇನೆ. ಇದೇ ಊರಲ್ಲಿದ್ದ ಗಂಡನ ಮನೆ ಬಿಟ್ಟು ಬಂದು ಎಷ್ಟೋ ವರ್ಷದಿಂದ ತಮ್ಮನ ಜೊತೆಗೇ ಇದ್ದಾಳೆ. ಕಡ್ಡಿಯಂಥ ಹೆಂಗಸು, ಮಾತೂ ಕಡಿಮೆ. ಮಧ್ಯಾಹ್ನ ಉಂಡು ನಾನು ಗೋಡೆಗೊರಗಿದರೆ ತಾನಾಗಿಯೇ ಬಂದು ಕೈ ಹಿಡಿಯುತ್ತಿದ್ದಳು. 'ಕೊಡವ್ವ ದಾಕ್ಷಿ, ಒಂದೀಟು ಕೊಡು. ನೀ ಮಲಗು' ಅನ್ನುತ್ತಿದ್ದಳು. ಹೊಟ್ಟೆಯೊಳಗೆ ಮಗು ಮಗ್ಗುಲು ಬದಲಿಸಿದರೆ ಅದು ಭಾರ ಹೊತ್ತವರಿಗೂ ತಿಳಿಯುತ್ತದೆ. ಹೆಡ್‌ಮಾಸ್ತರರಂಥವರು 'ಥತ್' ಎಂದು ಸೊಂಟ ಹಿಡಿದುಕೊಳ್ಳುತ್ತಿದ್ದರು. ಹಾಲಕ್ಕ ಮಾತ್ರ ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟು ಸುಮ್ಮನೆ ಕೂತುಬಿಡುತ್ತಿದ್ದಳು. ಏನಕ್ಕ ಅಂದರೆ, ಏನಿಲ್ಲ ಮಗ್ಗುಲಾಯ್ತು ಅನ್ನುತ್ತಿದ್ದಳು. ಅವಳಿಗೂ ಒಂದು ಗಂಡು ಹುಟ್ಟುತ್ತಲೇ ಹೋಗಿತ್ತಂತೆ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ನಾನೂ ಕೇಳಲು ಹೋಗಲಿಲ್ಲ.

ಕೊಟ್ಟ ಭಾರವೆಲ್ಲ ಹೆರಿಗೆಗೆ ಮುಂಚೆ ತಾಯಿಗೆ ವಾಪಸು ಬರಬೇಕು. ಭಾರವಿಲ್ಲದ ಮಗು ಕೆಳಗಿಳಿಯುವುದಿಲ್ಲ, ಪಕ್ಕೆಲುಬಿನ ಹತ್ತಿರವೇ ತೇಲಿಕೊಂಡು ನಿಲ್ಲುತ್ತದೆ. ಊರ ಗಡಿ ದಾಟಿದರಂತೂ ಭಾರ ಕೈಯಿಂದ ಕೈಗೆ ಹೋಗುವುದೇ ಇಲ್ಲ, ಎಲ್ಲಿದೆಯೋ ಅಲ್ಲೇ ಉಳಿದುಹೋಗುತ್ತದೆ. ಅದಕ್ಕೇ ಇಲ್ಲಿಯ ಸೊಸೆಯರು ಚೊಚ್ಚಲಿಗೂ ತವರಿಗೆ ಹೋಗುವುದಿಲ್ಲ, ತವರಿನವರೇ ಇಲ್ಲಿಗೆ ಬರುತ್ತಾರೆ. ನನ್ನ ಅವ್ವ ಮುಂದಿನ ಸೋಮವಾರಕ್ಕೆ ಬರುವವಳಿದ್ದಳು.

ಡಾಕ್ಟರಮ್ಮ ವಾರಿಜಾ ಈ ಊರಿನವರಲ್ಲ, ಆದರೆ ಬಂದು ಬಹಳ ಕಾಲವಾಗಿ ಇಲ್ಲಿಯವರೇ ಆಗಿಹೋಗಿದ್ದರು. ತಿಂಗಳು ತುಂಬಿತೆಂದು ಊರಿನ ಆಸ್ಪತ್ರೆಗೆ ತೋರಿಸಲು ಹೋದ ದಿನ ನನ್ನ ಹೊಟ್ಟೆಯ ಮೇಲೆ ಟೇಪು ಹಿಡಿದು ಅಳೆದರು, ಇನ್ನೊಮ್ಮೆ ಅಳೆದರು, ಕೈಯಿಂದ ಒತ್ತಿ ಒತ್ತಿ ನೋಡಿದರು. "ದಾಕ್ಷಾಯಣಿ, ಮಗು ದೊಡ್ಡದಿದೆ. ಇವತ್ತಿಂದಾನೇ ಭಾರ ವಾಪಸ್ ತಗೊಳ್ಳೋಕೆ ಶುರು ಮಾಡು," ಅಂದರು. ಎಷ್ಟು ದೊಡ್ಡದು ಅಂದೆ. "ಅದನ್ನ ನಿನ್ನ ಗಿರಾಕಿಗಳನ್ನ ಕೇಳ್ಬೇಕು ನಾನು. ಇಲ್ಲಿ ಆಪರೇಷನ್ ಮಾಡೋ ಅನುಕೂಲ ಇಲ್ಲ. ಹೊರಗಡೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು ಅಂದ್ರೆ ಮೊದಲು ಭಾರ ಎಲ್ಲಾ ನಿನ್ನ ಹತ್ರ ಬಂದಿರಬೇಕು. ಈ ವಾರದಲ್ಲಿ ಎಲ್ಲಾ ತಗೊಂಡುಬಿಡು, ಆಮೇಲೆ ನೋಡೋಣ." ಅವರು ನಗುತ್ತಲೇ ಹೇಳಿದರು. ಆದರೆ ಟೇಪನ್ನು ಮೂರನೇ ಸಲ ಹೊಟ್ಟೆಯ ಮೇಲಿಟ್ಟದ್ದನ್ನು ನಾನು ನೋಡಿದೆ. ಅವತ್ತು ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು.

ಮನೆಗೆ ಬಂದರೆ ಅಕ್ಕಪಕ್ಕದ ಹೆಂಗಸರಿಗೆ ಆಗಲೇ ಸುದ್ದಿ ಮುಟ್ಟಿತ್ತು. ದೊಡ್ಡ ಮಗುವಿನ ಕಥೆಗಳು ಇವರಿಗೆ ಎಲ್ಲಿ ಸಿಗುತ್ತವೋ ಕಾಣೆ. ಒಬ್ಬಳ ಅತ್ತೆ ಎರಡು ಹಗಲು ತಿಣುಕಿ ಹೆತ್ತಳಂತೆ, ಇನ್ನೊಬ್ಬಳ ಅಕ್ಕನಿಗೆ ಆಮೇಲೆ ವರ್ಷವಿಡೀ ನೆಟ್ಟಗೆ ಕೂರಲಾಗಲಿಲ್ಲವಂತೆ. "ಬಾಯಿ ಮುಚ್ಕೊಂಡು ಮನೆಗೆ ಹೋಗ್ರೇ, ನನ್ನ ಮಂಡಕ್ಕಿ ತಿಂದು ನನಗೇ ಹೆದರಿಸ್ತೀರಾ," ಎಂದು ಗದರಿಸಿ ಕಳಿಸಿದೆ. ಅವರು ಹೋದ ಮೇಲೆ ಭಟ್ಟಿಯ ಹಿಂದೆ ಕೂತು ಅತ್ತುಬಿಟ್ಟೆ. ಹಾಲಕ್ಕ ಬಂದು ತಲೆ ಸವರಿದಳು. ಅವಳ ಕೈ ತಣ್ಣಗಿತ್ತು. ನನಗಿಂತ ಅವಳೇ ಹೆಚ್ಚು ಹೆದರಿದ್ದಾಳೆ ಅನ್ನಿಸಿತು.

ವಾರ ಕಾಯುವುದಕ್ಕೆ ಮಗು ಒಪ್ಪಲಿಲ್ಲ. ಮಾರನೇ ದಿನ ಬೆಳಿಗ್ಗೆ ಗಿರಾಕಿಯೊಬ್ಬನಿಗೆ ಮಂಡಕ್ಕಿ ಅಳೆಯುತ್ತಿದ್ದ ಹಾಗೆಯೇ ಕಾಲ ಸಂದಿಯಿಂದ ನೀರು ಹರಿಯಿತು, ಬೆನ್ನ ಹಿಂದಿನಿಂದ ನೋವು ಹತ್ತಿಕೊಂಡು ಬಂತು. ಊರಿಗೆ ಹೇಳಿಕಳಿಸುವ ಕೆಲಸವೇ ಬೀಳಲಿಲ್ಲ. ತಾಯಿಗೆ ನೋವು ಬಂದರೆ ಹೊತ್ತವರ ಮೈಯಲ್ಲೂ ಭಾರ ಒಮ್ಮೆಗೇ ಕೆಳಕ್ಕೆ ಜಗ್ಗುತ್ತದೆ. ಹೆಡ್‌ಮಾಸ್ತರರು ಪಾಠದ ನಡುವೆ ಮೇಜು ಹಿಡಿದುಕೊಂಡರಂತೆ. ಕ್ಷೌರದ ನಿಂಗಣ್ಣ ಒಬ್ಬನ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿ ಬಂದನಂತೆ. ನಾನೂ ಹಾಲಕ್ಕನೂ ಆಟೋದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಾಗಿಲ ಮುಂದೆ ಸಾಲು ನಿಂತಿತ್ತು, ಸಾಲಿನ ತುದಿ ಕಾಂಪೌಂಡಿನಾಚೆ ಎಲ್ಲಿಗೋ ಹೋಗಿತ್ತು. ಇಷ್ಟು ಜನಕ್ಕೆ ಕೊಟ್ಟಿದ್ದೆನೇ ಎಂದು ಆಟೋದಿಂದ ಇಳಿಯದೆ ಹಾಲಕ್ಕನ ತೋಳು ಹಿಡಿದುಕೊಂಡೆ.

ಮೊದಲು ಹಾಲಕ್ಕ ಅಂಗೈ ತಾಗಿಸಿ ಕೊಟ್ಟಳು. ಆಮೇಲೆ ಹಿಂದೆಯೇ ಸೈಕಲ್ಲಿನಲ್ಲಿ ಬಂದ ಓಂಕಾರಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. "ನೂಕಬ್ಯಾಡ್ರಿ, ಒಬ್ಬೊಬ್ರೇ ಬರ್ರಿ. ಕೊಟ್ಟ ಕೂಡ್ಲೇ ಕೈ ತೆಗೀರಿ, ನಿಮ್ದೂ ಹೋಗಿಬಿಟ್ಟಾತು," ಎಂದು ಕೂಗುತ್ತಿದ್ದ. ಕೈ ತೆಗೆಯುವವರೆಗೂ ಭಾರ ಹರಿಯುತ್ತಲೇ ಇರುತ್ತದೆ. ಎಚ್ಚರ ತಪ್ಪಿದರೆ ತನ್ನ ಸ್ವಂತ ಮೈಯದೂ ಹೊರಟುಹೋಗುತ್ತದೆ. ಟೈಲರ್ ಒಬ್ಬ ಹಾಗೆಯೇ ಒಂಚೂರು ಹೆಚ್ಚು ಕೊಟ್ಟು, ಚಪ್ಪಲಿ ಕಾಲಿಗೆ ನಿಲ್ಲದೆ ಪುಟಿಯುತ್ತ ಹೊರಗೆ ಹೋದ. ಎಲ್ಲರೂ ನಕ್ಕರು. ನಿಂಗಣ್ಣ ಅಂಗೈ ಇಟ್ಟು, "ದಾಕ್ಷಕ್ಕ, ಮಂಡಕ್ಕಿ ಅಂತ ತಗೊಂಡ್ರೆ ಬೆಲ್ಲದ ಮೂಟೆ ಕೊಟ್ಟಿದ್ಯಲ್ಲ," ಅಂದ. ನನಗೆ ನಗು ಬರಲಿಲ್ಲ. ಒಬ್ಬೊಬ್ಬರು ಕೈ ತಾಗಿಸಿದಾಗಲೂ ಹೊಟ್ಟೆ ಇನ್ನಷ್ಟು ಜಗ್ಗುತ್ತಿತ್ತು. ಮೊದಲು ನಿಲ್ಲಲಾಗಲಿಲ್ಲ, ಆಮೇಲೆ ಕೂರಲೂ ಆಗಲಿಲ್ಲ. ಸಾಲು ನೋಡಿದರೆ ಇನ್ನೂ ಕಾಂಪೌಂಡಿನಾಚೆಯೇ ಇತ್ತು.

"ಸಾಕು, ಇನ್ನು ಬರಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಕಿರುಚಿದೆ. ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ನಿಂದೇ ಅಲ್ವೇನವ್ವ, ನಾವಿಟ್ಕೊಂಡು ಏನ್ ಮಾಡಾನ," ಎಂದು ಮೆಲ್ಲಗೆ ಅಂಗೈ ಇಟ್ಟಳು. ಇಷ್ಟು ದೊಡ್ಡದು ನನ್ನೊಳಗಿಂದ ಹೊರಗೆ ಬರುವುದು ಸಾಧ್ಯವೇ ಇಲ್ಲ, ನಾನು ಸಾಯುತ್ತೇನೆ, ಇಲ್ಲವೇ ಅದು ಸಾಯುತ್ತದೆ, ನನ್ನ ಅವ್ವ ಸೋಮವಾರ ಬಂದು ಖಾಲಿ ಮಂಚ ನೋಡುತ್ತಾಳೆ ಎಂದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಹಾಲಕ್ಕ ಮಂಚದ ಪಕ್ಕ ನಿಂತು ಸೊಂಟ ತಿಕ್ಕುತ್ತಲೇ ಇದ್ದಳು. ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ.

ಸಾಲು ಮುಗಿಯಿತು. ಡಾಕ್ಟರಮ್ಮ ಪರೀಕ್ಷೆ ಮಾಡಿದರು. "ಗರ್ಭದ ಬಾಯಿ ಪೂರ್ತಿ ತೆರೆದಿದೆ. ಮಗು ಮಾತ್ರ ಇನ್ನೂ ಮೇಲೇ ಇದೆ," ಅಂದರು. ಇನ್ನೊಂದಷ್ಟು ಹೊತ್ತು ನೋಡಿದರು. ನೋವು ಒಂದರ ಮೇಲೊಂದು ಬಂತು, ಬಾಗಿಲಿನ ಸರಳು ಹಿಡಿದು ಕುಕ್ಕರಗಾಲಲ್ಲಿ ಕೂತೆ, ಹಾಲಕ್ಕನ ಹೆಗಲು ಹಿಡಿದು ನಾಲ್ಕು ಹೆಜ್ಜೆ ಹಾಕಿದೆ, ಏನು ಮಾಡಿದರೂ ಅದು ಒಂದು ಬೆರಳಿನಷ್ಟೂ ಇಳಿಯಲಿಲ್ಲ. ಡಾಕ್ಟರಮ್ಮ ಹೊಟ್ಟೆಗೆ ಕೊಳವೆ ಇಟ್ಟು ಕೇಳಿದರು. "ಎದೆಬಡಿತ ನಿಧಾನ ಆಗ್ತಾ ಇದೆ. ಓಂಕಾರಪ್ಪ, ಯಾರೋ ಭಾರ ಕೊಟ್ಟಿಲ್ಲ. ಬೇಗ ಹುಡುಕಿ. ತಡ ಮಾಡಿದ್ರೆ ಮಗು ಉಳಿಯಲ್ಲ."

ಓಂಕಾರಿ ನನ್ನ ಕಡೆ ತಿರುಗಿದ. "ಯಾರಾದ್ರೂ ಪರ ಊರೋರಿಗೆ ಕೊಟ್ಟಿದೀಯೇನೆ? ಬಸ್ಸಿನೋರಿಗೆ, ಸಂತೆಗೆ ಬಂದೋರಿಗೆ?" "ನನಗೇನು ಬುದ್ಧಿ ಇಲ್ವಾ? ಇಲ್ಲಿ ನಿಂತು ನನ್ನ ಪ್ರಾಣ ತಿನ್ನೋ ಬದ್ಲು ಹೋಗಿ ಹುಡುಕ್ರಿ!" ಅಂದೆ. ಅವನು ಸೈಕಲ್ ಹತ್ತಿ ಹೋದ. ದಾಕ್ಷಾಯಣಿ ಭಾರ ಯಾರ ಹತ್ರ ಐತ್ರೀ ಎಂದು ಬೀದಿ ಬೀದಿಯಲ್ಲಿ ಅವನು ಕೂಗುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು. ದೂರ ಹೋದ ಹಾಗೆ ದನಿ ಒಡೆಯತೊಡಗಿತು. ಅವನು ಅಳುತ್ತಿದ್ದ.

ಒಂದು ನೋವು ಇಳಿದು ಇನ್ನೊಂದು ಬರುವ ನಡುವೆ ಹಾಲಕ್ಕ ನನ್ನ ಬೆವರು ಒರೆಸಲು ಮಂಚದ ಅಂಚಿಗೆ ಕೂತಳು. ಕಬ್ಬಿಣದ ಮಂಚ ಕಿರ್ ಎಂದು ಅವಳ ಕಡೆಗೆ ಬಾಗಿತು. ಊರಿನ ಭಾರವನ್ನೆಲ್ಲ ವಾಪಸು ತುಂಬಿಕೊಂಡು ಮಲಗಿದ್ದ ನಾನೇ ಅವಳತ್ತ ಜಾರಿದೆ. ಕಡ್ಡಿಯಂಥ ಹೆಂಗಸು ಕೂತರೆ ಮಂಚ ಹಾಗೆ ಬಾಗುತ್ತದೆಯೇ? ಅವಳ ಮುಖ ನೋಡಿದೆ. ಅವಳು ಬೇರೆ ಕಡೆ ನೋಡಿದಳು.

"ಹಾಲಕ್ಕ, ಎಲ್ಲಾ ಕೊಟ್ಯಾ ನೀನು?" ಅಂದೆ. "ಕೊಟ್ನಲ್ಲವ್ವ, ಬಂದ ತಕ್ಷಣಾನೇ." "ಎಲ್ಲಾನೂ?" ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ನನ್ನ ಮೈಯೆಲ್ಲ ಉರಿದುಹೋಯಿತು. "ಅಯ್ಯೋ ಪಾಪಿ! ನನ್ನ ಕೂಸಿಂದು ನೀನು ಬಚ್ಚಿಟ್ಕೊಂಡು ಕೂತಿದೀಯಾ? ಊರೆಲ್ಲ ಹುಡುಕ್ತಾ ಇದಾರೆ, ನೀನು ಇಲ್ಲೇ ನನ್ನ ಸೊಂಟ ತಿಕ್ತಾ ಕೂತಿದೀಯಾ? ನಿನಗೆ ಉಳೀಲಿಲ್ಲ ಅಂತ ನನಗೂ ಬ್ಯಾಡ್ವೇನೆ?" ಆಡಬಾರದ ಮಾತು. ಆ ಹೊತ್ತಿಗೆ ದೇವರು ಎದುರಿಗೆ ಬಂದಿದ್ದರೂ ನಾನು ಬಿಡುತ್ತಿರಲಿಲ್ಲ.

ಹಾಲಕ್ಕ ಸಿಟ್ಟಾಗಲಿಲ್ಲ. "ಬಚ್ಚಿಟ್ಟಿಲ್ಲ ಕಣೆ ದಾಕ್ಷಿ," ಅಂದಳು. "ನಂಗೆ ಆವಾಗ ಎಲ್ಲಾನೂ ವಾಪಸ್ ಬಂದಿತ್ತು. ಒಂಚೂರೂ ಬಿಡ್ದಂಗೆ ಎಲ್ರೂ ತಂದುಕೊಟ್ಟಿದ್ರು. ನಂದೂ ದೊಡ್ಡದೇ ಇತ್ತು. ತಲೆ ಬಂತು. ಹೆಗಲು ಬರಲಿಲ್ಲ. ಹಂಗೇ ಸಿಕ್ಕಾಕ್ಕೊಂಡು ನೀಲಿಗೆ ಹೋತು, ನಾನು ನೋಡ್ತಾನೇ ಇದ್ದೆ." ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿದಳು. "ಭಾರ ಕಮ್ಮಿ ಇದ್ರೆ ಸಣ್ಣಾಗಿ ಜಾರ್ಕೊಂಡು ಬರ್ತೈತೆ ಅನ್ಕೊಂಡೆ. ಅದ್ಕೇ ಈಟೇ ಈಟು ಉಳಿಸ್ಕೊಂಡೆ. ನೀವಿಬ್ರೂ ಉಳೀಲಿ ಅಂತ." ಈಟೇ ಈಟು ಅಂದದ್ದು ಕಬ್ಬಿಣದ ಮಂಚ ಬಾಗಿಸುವಷ್ಟಿತ್ತು.

ಡಾಕ್ಟರಮ್ಮ ಅವಳ ಎರಡೂ ತೋಳು ಹಿಡಿದುಕೊಂಡರು. "ಹಾಲಮ್ಮ, ಇಲ್ಲಿ ಕೇಳಿ. ಭಾರ ಇಟ್ಕೊಂಡ್ರೆ ಮಗು ಸಣ್ಣದಾಗಲ್ಲ. ಎಷ್ಟಿದೆಯೋ ಅಷ್ಟೇ ಇರುತ್ತೆ, ಕೆಳಗೆ ಬರಲ್ಲ ಅಷ್ಟೇ. ನಿಮ್ಮ ಮಗು ಭಾರಕ್ಕೆ ಹೋಗಿದ್ದಲ್ಲ. ಕೊಟ್ಟುಬಿಡಿ." ಹಾಲಕ್ಕ ನನ್ನ ಅಂಗೈ ಹಿಡಿದಳು. ಅಂಗೈಗೆ ಅಂಗೈ ತಾಗಿಸಲು ನಾನೇ ಅವಳ ಕೈಯನ್ನು ಗಟ್ಟಿಯಾಗಿ ಹಿಡಿಯಬೇಕಾಯಿತು. ಭಾರ ಬಂತು. ಕೈ ಹಿಂದಕ್ಕೆ ತೆಗೆದು ಅವಳು ಗೋಡೆಗೆ ಒರಗಿ ನಿಂತಳು. ನನ್ನ ಹೊಟ್ಟೆಯೊಳಗೆ ಏನೋ ಕಳಚಿದ ಹಾಗಾಗಿ, ಮಗು ಸೊಂಟದ ಮೂಳೆಗಳ ನಡುವೆ ಇಳಿಯಿತು. ಅಯ್ಯಪ್ಪಾ, ಆ ನೋವನ್ನು ಹೇಳುವುದಕ್ಕೆ ನನಗೆ ಬರುವುದಿಲ್ಲ. "ಈಗ ನೂಕು," ಅಂದರು ಡಾಕ್ಟರಮ್ಮ. ನೂಕಿದೆ. ಕಣ್ಣು ಕತ್ತಲೆ ಬಂತು. ಮತ್ತೆ ನೂಕಿದೆ. ಮೈ ಎರಡಾಗಿ ಸೀಳಿಹೋಗುತ್ತದೆ ಅನ್ನಿಸಿದಾಗ, "ತಲೆ ಬಂತು," ಅಂದರು.

ಬಂದ ತಲೆ ಒಳಕ್ಕೆ ಎಳೆದುಕೊಂಡ ಹಾಗೆ ಅಲ್ಲೇ ನಿಂತಿತು. ಹಾಲಕ್ಕನ ಬಾಯಿಂದ ಒಂದು ಸಣ್ಣ ದನಿ ಬಂತು, ಅಷ್ಟರಿಂದಲೇ ನನಗೆ ಎಲ್ಲ ತಿಳಿಯಿತು. ಹೆಗಲು ಸಿಕ್ಕಿಕೊಂಡಿತ್ತು. "ದಾಕ್ಷಾಯಣಿ, ತಿರುಗು. ಕೆಳಗೆ ಹಾಸಿಗೆ ಮೇಲೆ ಮಂಡಿ ಊರು, ಕೈ ಊರು. ಬೇಗ, ಬೇಗ!" ಡಾಕ್ಟರಮ್ಮನೂ ಆಯಾ ಒಬ್ಬಳೂ ಹಾಲಕ್ಕನೂ ಸೇರಿ ನನ್ನನ್ನು ಮಂಚದಿಂದ ನೆಲಕ್ಕೆ ಹಾಸಿದ್ದ ಹಾಸಿಗೆಗೆ ಇಳಿಸಿ ತಿರುಗಿಸಿದರು. ಅಂಬೆಗಾಲಿಡುವ ಕೂಸಿನ ಹಾಗೆ ನಾಲ್ಕು ಕಾಲಲ್ಲಿ ನಿಂತೆ. ನೂಕಿದೆ. ಬರಲಿಲ್ಲ. "ಇನ್ನೊಂದು ಸಲ," ಅಂದರು. ಬರಲಿಲ್ಲ. ನನ್ನ ಕೂಸು ಸಾಯುತ್ತಿದೆ ಎಂದು ನನಗೆ ಗೊತ್ತಿತ್ತು.

ಆಗ ಹಾಲಕ್ಕ ನನ್ನೆದುರಿಗೆ ಕವುಚಿ ಬಿದ್ದು, ಹಾಸಿಗೆಗೆ ಊರಿದ್ದ ನನ್ನ ಅಂಗೈಗಳ ಕೆಳಗೆ ತನ್ನ ಎರಡೂ ಅಂಗೈ ತೂರಿಸಿದಳು. "ತಗೋ," ಅಂದಳು. ಭಾರ ಬಂತು. "ಇನ್ನೂ ಐತೇನೆ?" ಅಂದೆ. "ಐತೆ, ತಗೋ. ಐತೆ, ತಗೋ," ಅನ್ನುತ್ತಲೇ ಇದ್ದಳು. ಕೈ ತೆಗೆಯಲಿಲ್ಲ. ಎಲ್ಲಿಂದ ಬರುತ್ತಿದೆ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಳಗಿನ ಮಗು ಕಲ್ಲಾಯಿತು, ಕಲ್ಲಿಗಿಂತ ಭಾರವಾಯಿತು, ತನ್ನ ಭಾರಕ್ಕೆ ತಾನೇ ಹೊರಳಿತು. ಡಾಕ್ಟರಮ್ಮನ ಬೆರಳುಗಳು ಒಳಗೆ ಹೋಗಿ ಒಂದು ತೋಳನ್ನು ಬಿಡಿಸಿದವು. "ಬಂತು, ಬಂತು, ನೂಕಮ್ಮ!" ನಾನು ಕೂಗಿದ ಕೂಗಿಗೆ ಕಿಟಕಿಯಾಚೆ ನಿಂತಿದ್ದ ಅರ್ಧ ಊರು ಕೂಗಿತು. ಒಂದು ಹೆಗಲು, ಆಮೇಲೆ ಇನ್ನೊಂದು, ಆಮೇಲೆ ಉಳಿದದ್ದೆಲ್ಲ ಒಮ್ಮೆಗೇ ಬಂದು ಡಾಕ್ಟರಮ್ಮನ ಕೈಗೆ ಬಿತ್ತು. ಅವರು ಆ ಭಾರಕ್ಕೆ ಮುಗ್ಗರಿಸಿ ಮಂಡಿಯೂರಿದರು.

ಮಗು ಅಳಲಿಲ್ಲ. ಬೆನ್ನು ತಿಕ್ಕಿದರು, ಬಾಯಿ ಒರೆಸಿದರು, ಅಂಗಾಲಿಗೆ ತಟ್ಟಿದರು. ಅಳೇ, ಅಳೇ ನನ್ನವ್ವ, ಎಂದು ನಾನು ಗೋಗರೆದೆ. ಹೆಣ್ಣೋ ಗಂಡೋ ಇನ್ನೂ ಯಾರೂ ಹೇಳಿರಲಿಲ್ಲ, ನನ್ನ ಬಾಯಿಗೆ ಹಾಗೇ ಬಂತು. ಅದು ಒಂದು ಸಲ ಬಿಕ್ಕಿತು. ಇನ್ನೊಂದು ಸಲ ಬಿಕ್ಕಿತು. ಆಮೇಲೆ ಇಡೀ ಆಸ್ಪತ್ರೆ ಹಾರಿಹೋಗುವ ಹಾಗೆ ಅಳತೊಡಗಿತು. "ಹೆಣ್ಣು," ಅಂದರು ಡಾಕ್ಟರಮ್ಮ. ಎರಡೂ ಕೈ ಆಡಿಸಿ ನೋಡಿದರು. "ಕೈ ಎರಡೂ ಚೆನ್ನಾಗಿವೆ." ತಕ್ಕಡಿಯಲ್ಲಿ ಮಲಗಿಸಿದರೆ ಮುಳ್ಳು ತುದಿಗೆ ಹೋಗಿ ಅಲ್ಲೇ ಕೂತಿತು. "ದೊಡ್ಡ ಮಗುವೇ, ಸರಿ. ಆದ್ರೂ ಇಷ್ಟು ತೂಕ ಎಲ್ಲಿಂದ ಬಂತು?" ಎಂದು ತಕ್ಕಡಿ ತಟ್ಟಿ ನೋಡಿದರು.

"ಅಮ್ಮಾ, ಅಲ್ಲಿ ನೋಡ್ರೀ," ಎಂದು ಆಯಾ ಚೀರಿದಳು. ಹಾಲಕ್ಕ ನೆಲದ ಮೇಲಿರಲಿಲ್ಲ. ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೇಣುದ್ದ ಮೇಲೆ ತೇಲುತ್ತಿದ್ದಳು, ಸೀರೆಯ ನೆರಿಗೆ ಗಾಳಿಗೆ ಅಲ್ಲಾಡುತ್ತಿತ್ತು. ತನ್ನ ಮೈಯ ಭಾರವನ್ನೂ ಪೂರ್ತಿ ಕೊಟ್ಟುಬಿಟ್ಟಿದ್ದಳು. ಅಷ್ಟರಲ್ಲಿ ಓಂಕಾರಿ ಮಗುವಿನ ಅಳು ಕೇಳಿ ಓಡಿ ಬಂದವನು ಅಕ್ಕನನ್ನು ನೋಡಿ ಬಾಗಿಲಲ್ಲೇ ನಿಂತ. ಡಾಕ್ಟರಮ್ಮ ಮಗುವಿನ ಕಡೆ ನೋಡಿ ಇಲ್ಲ ಎಂದು ತಲೆಯಾಡಿಸಿದರು. "ಹುಟ್ಟಿದ ಮೇಲೆ ಮಗುವಿನ ಭಾರ ಮಗುವಿನದೇ. ಅದು ಬೆಳೆದು ತಾನಾಗಿ ಕೊಡೋವರೆಗೆ ವಾಪಸ್ ತಗೊಳ್ಳೋ ಹಾಗಿಲ್ಲ." ಓಂಕಾರಿ ಅಂಗೈ ಚಾಚಿದ. "ಅಕ್ಕಾ, ನಂದು ತಗೋ. ಕೈ ಬಿಡೇ, ನಂದು ತಗೋ." ಅವಳು ಸರಳು ಬಿಡಲಿಲ್ಲ. ಬಿಟ್ಟರೆ ಎಲ್ಲಿಗೆ ಹೋಗುತ್ತೇನೋ ಎಂದು ಅವಳ ಕಣ್ಣುಗಳು ಅಗಲವಾಗಿದ್ದವು.

"ಅವಳನ್ನ ಕೆಳಗೆ ಕೂರಿಸ್ರಿ," ಅಂದೆ ನಾನು. "ಕೂಸನ್ನ ಅವಳ ಮಡಿಲಿಗೆ ಹಾಕ್ರಿ." ಡಾಕ್ಟರಮ್ಮ ನನ್ನ ಮುಖ ನೋಡಿದರು, ನಾನಿನ್ನೂ ಮಗುವನ್ನು ಮುಟ್ಟಿಯೂ ಇರಲಿಲ್ಲ. "ಹಾಕ್ರೀ ಅಂದ್ನಲ್ಲ!" ಓಂಕಾರಿ ಅಕ್ಕನ ಸೊಂಟ ಹಿಡಿದು ಕೆಳಕ್ಕೆಳೆದು ನನ್ನ ಹಾಸಿಗೆಯ ಪಕ್ಕ ಕೂರಿಸಿ ಒತ್ತಿ ಹಿಡಿದ. ಡಾಕ್ಟರಮ್ಮನೂ ಆಯಾನೂ ಸೇರಿ ಮಗುವನ್ನು ಹೊತ್ತು ತಂದು ಅವಳ ಮಡಿಲಿಗೆ ಇಟ್ಟರು. ಓಂಕಾರಿ ಮೆಲ್ಲಗೆ ಕೈ ತೆಗೆದ. ಅವಳು ಏಳಲಿಲ್ಲ, ನೆಲದ ಮೇಲೇ ಕೂತಿದ್ದಳು.

ಓಂಕಾರಿ ಮತ್ತೆ ಅಂಗೈ ಚಾಚಿದ. ಕಿಟಕಿಯ ಸರಳುಗಳ ನಡುವಿನಿಂದಲೂ ಅಂಗೈಗಳು ಒಳಗೆ ಬಂದವು, ನಂದು ತಗೋ ಹಾಲಮ್ಮ, ನಂದು ತಗೋ ಎಂದು. ಅವಳು ಯಾವುದನ್ನೂ ನೋಡಲಿಲ್ಲ. ಅಳುತ್ತಿದ್ದ ಮಗುವಿನ ಬಲ ಹೆಗಲನ್ನು ಬೆರಳಿಂದ ಮುಟ್ಟಿ ನೋಡಿದಳು, ಆಮೇಲೆ ಎಡ ಹೆಗಲನ್ನು ಮುಟ್ಟಿದಳು, ಮತ್ತೆ ಬಲಕ್ಕೆ ಬಂದಳು.

"ಎರಡೂ ಬಂದಾವೆ ಕಣೆ ದಾಕ್ಷಿ," ಅಂದಳು.